ಯಾವ ಮದ್ದು

ಕಾಫಿ ಕಣದ ಮೂಲೆಯ ಶೆಡ್ಡಿನಲ್ಲಿ
ಉತ್ತಯ್ಯ ಮಾವ ಎರಡು ಡಬ್ಬಿ ಮುಂದಿಟ್ಟು
‘ಆರಿಸು’ ಅಂದರು.
ಬೀಡಿಕಟ್ಟು, ಬೆಂಕಿಪೊಟ್ಟಣ ಆಗಲೇ ಹೊರಗೆ.
ನನ್ನ ಫೋನೂ ಹೊರಗೆ, ಪಲ್ಪರಿನ ನೆತ್ತಿಯ ಮೇಲೆ.

ಒಂದು ರಾಗಿಯ ಹಾಗೆ ದುಂಡು,
ಅಳತೆಗೊಳವೆಯಲ್ಲಿ ಸರ್ರನೆ ಇಳಿಯುತ್ತದೆ.
ಇನ್ನೊಂದು ಅವಲಕ್ಕಿಯ ನುಚ್ಚು;
ನಿಂತು, ಸಿಕ್ಕಿಕೊಂಡು,
ಬೆರಳಲ್ಲಿ ತಟ್ಟಿದರಷ್ಟೇ ಬೀಳುವ ಜಾತಿ.
ಬಾಗಿಲು ಮುಚ್ಚಿದ ಚಿನ್ನದಂಗಡಿಯಿಂದ ತಂದ ತಕ್ಕಡಿ,
ಗುಲಗಂಜಿ ತೂಗಿ ತೂಗಿ ಸವೆದ ತಟ್ಟೆ.
ಉಸಿರು ಬಿಟ್ಟರೂ ಅಲುಗುತ್ತದೆ. ಬಿಡಲಿಲ್ಲ ನಾನು.

‘ಉದ್ದ ನಳಿಗೆಗೆ ತಾಳ್ಮೆಯ ಮದ್ದು.
ನಿನ್ನ ಪಿಸ್ತೂಲಿನದು ಗೇಣಿಗೂ ಗಿಡ್ಡ ದಾರಿ,
ಹೊಸಿಲು ದಾಟುವುದರೊಳಗೆ ಉರಿದು ಮುಗಿಯಬೇಕು.
ಮಿಕ್ಕಿದ್ದು ಬರೀ ಬೆಳಕು, ಬರೀ ಗಲಾಟೆ.’
ಹಾಗಾದರೆ ರಾಗಿ, ಅಂದೆ.

ಮಾವ ಖಾಲಿ ತೋಟಾ ಒಂದಕ್ಕೆ ರಾಗಿ ಸುರಿದರು.
ತಳ ಮುಚ್ಚಿತು, ಅಷ್ಟೆ.
ನಾನು ನೋಡುತ್ತಿದ್ದ ಹಾಗೇ ಇನ್ನೊಮ್ಮೆ ಸುರಿದರು.
ಅಂಚಿನ ಒಳಗೇ ಕೂತಿತ್ತು, ಸಂಭಾವಿತನಂತೆ.
‘ತಪ್ಪಾಯಿತು ಅಂತ ಇದು ಹೇಳಿತಾ?’
ಇಲ್ಲ.
‘ಹೇಳುವುದಿಲ್ಲ. ಒಡೆದ ಮೇಲೆ ಹೇಳುತ್ತದೆ.’
ಅವರ ಎಡಗೈಯ ಅರ್ಧ ಉಂಗುರಬೆರಳನ್ನು
ಪಲ್ಪರು ತಿಂದಿತೆಂದೇ ಇದುವರೆಗೆ ಮನೆಯ ಕಥೆ.

ನುಚ್ಚನ್ನು ಎರಡು ಸಲ ಸುರಿದರೆ
ತುಳುಕಿ ಮೇಜಿಗೆಲ್ಲ ಚೆಲ್ಲುತ್ತದೆ, ಚಾಡಿಕೋರ.
ನನ್ನಂಥ ಮರೆಗುಳಿಗೆ
ಬಾಯಿಬಿಡುವ ಮದ್ದೇ ವಾಸಿ.

ಕಕ್ಕಡ ಹದಿನೆಂಟಕ್ಕೆ ಅವ್ವ ಬೇಯಿಸುವ ಸೊಪ್ಪಿಗೂ ಮದ್ದೆಂದೇ ಹೆಸರು.
ಮಾರನೇ ದಿನ ಉಚ್ಚೆ ಕೆಂಪಗಾದರೆ
ಮೈಗೆ ಹಿಡಿಯಿತು ಅಂತ ಲೆಕ್ಕ.
ಈ ಮದ್ದು ಮಾರನೇ ದಿನದ ತನಕ ಕಾಯುವುದಲ್ಲ.

ಹತ್ತೋ ಹನ್ನೊಂದೋ ತೋಟಾ ತುಂಬಿದ್ದೆ.
ಪಲ್ಪರಿನ ಮೇಲೆ ಫೋನು ಗುರುಗುಟ್ಟಿ
ತಾನಾಗೇ ಕೆಳಗೆ ಬಿತ್ತು.
ಗೋಣಿಕೊಪ್ಪದ ಆಸ್ಪತ್ರೆಯಿಂದ ಭಾವ:
ತಂಗಿ ದೇಚುಗೆ ಹೆಣ್ಣು.

ಅವ್ವ ಆಗಲೇ ಕಂಚಿನ ತಟ್ಟೆ ಹಿಡಿದು ಕಣಕ್ಕಿಳಿದಿದ್ದಳು.
ನಾನು ಹುಟ್ಟಿದಾಗ ಬಡಿದದ್ದೂ ಅದನ್ನೇ,
ಅಂಚಿನಲ್ಲೊಂದು ತಗ್ಗಿದೆ.
ಗಂಡಾದರೆ ಗುಂಡು, ಹೆಣ್ಣಾದರೆ ತಟ್ಟೆ.
ಮಾವ ತಟ್ಟೆ ನೋಡಿದರು,
ಮೇಜಿನ ಮೇಲೆ ಸಾಲಾಗಿ ನಿಂತ ನನ್ನ ತೋಟಾಗಳನ್ನು ನೋಡಿದರು,
ಒಳಗೆ ಹೋಗಿ ಗೋಡೆಯ ಕೋವಿ ಇಳಿಸಿ ತಂದರು.
‘ಆರಿಸು.’

ನನ್ನ ಕೈ ನುಚ್ಚಿನ ಡಬ್ಬಿಗೆ ಹೋಯಿತು, ಆ ಹೊತ್ತಿನ ರೂಢಿ.
ಅರ್ಧ ಬೆರಳಿನ ಕೈ ನನ್ನ ಮಣಿಕಟ್ಟು ಹಿಡಿಯಿತು.
‘ಮುತ್ತಜ್ಜನ ಕೋವಿಗೆ ಈ ಮದ್ದು ಹಾಕಿದರೆ
ಕೋವಿಯೂ ಇಲ್ಲ, ನಿನ್ನ ಮುಖವೂ ಇಲ್ಲ.’

ಬೆಂಚಿನಡಿ ಮೂರನೆಯದೊಂದು ಡಬ್ಬಿ.
ಕೈಲ್‌ಪೊಳ್ದಿಗೆ ತಂದು ಉಳಿದ ಕರಿ ಮದ್ದು:
ಗಂಧಕದ ನಾತ, ನಳಿಗೆ ತುಂಬ ಮಸಿ,
ಒಂದು ಗುಡ್ಡ ಮುಚ್ಚುವಷ್ಟು ಹೊಗೆ.
ಬೆಳಿಗ್ಗೆಯಿಂದ ಯಾವ್ಯಾವುದು ಬೇಡ ಅಂತ ಕಲಿತಿದ್ದೆನೋ
ಅದೆಲ್ಲ ಇದರಲ್ಲಿತ್ತು.
ಇದೇ, ಅಂದೆ.

ಗುಂಡಿಲ್ಲ, ನಾರು ಮಾತ್ರ.
ಆಕಾಶಕ್ಕೆ ಹಿಡಿದು ಎಳೆದೆ.
ಕಣದ ಕಾಫಿ ಬೀಜವೆಲ್ಲ ಒಮ್ಮೆ ಕದಲಿದಂತಾಯಿತು.
ನಾಯಿ ಎಲ್ಲಿ ಹೋಯಿತೋ.

ಗದ್ದೆಯಾಚೆ ಬೊಳ್ಳವ್ವ
ಕುಕ್ಕೆ ಕೆಳಗಿಟ್ಟು ಎದ್ದು ನಿಂತಳು.
ಅವಳ ಹಿಂದೆ ಒಬ್ಬೊಬ್ಬರೇ.
ಒಂದಾದರೆ ಹುಟ್ಟು. ಎರಡಾದರೆ ಸಾವು.
ಎರಡನೆಯದಕ್ಕೆ ಎಷ್ಟು ಹೊತ್ತು ಕಾಯಬೇಕೆಂದು
ಯಾರೂ ಹೇಳಿಕೊಟ್ಟಿಲ್ಲ; ಕಾದರು.
ಹೊಗೆ ಕಿತ್ತಳೆ ಮರ ದಾಟಿ ಕೆಳಗಿಳಿಯಿತು.

ಆಮೇಲೆ ಕೂಗು: ‘ಗಂಡಾ?’

ಮಾವ ಹೊಗೆಗೆ ಕೆಮ್ಮುತ್ತಿದ್ದರು.
ನಾನು ಅವ್ವನ ಕೈಯಿಂದ ತಟ್ಟೆ ಕಸಿದು ಬಡಿದೆ,
ತಗ್ಗಿದ್ದ ಕಡೆಗೇ, ಇನ್ನೂ ಜೋರಾಗಿ.